ಮಗ ಅಪ್ಪನ ಕಾಲಿಗೆ ಬೀಳಲೇಬೇಕಾ? ಜಾತ್ರೆ ನಾಟಕದ ಕೊನೆಯ ದೃಶ್ಯಕ್ಕೆ ಸಲಹೆ ಬೇಕು

ಝೆರಾಕ್ಸ್ ಅಂಗಡಿ, ಚಿತ್ತಾಪುರ:

ಎಲ್ಲರಿಗೂ ನಮಸ್ಕಾರ. ಚಿತ್ತಾಪುರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಊರು ಇಲ್ಲಿಂದ 12 ಕಿಲೋಮೀಟರ್, ಕಾಗಿಣಾ ದಂಡೆಯ ಮೇಲೆ. ಜಾತ್ರೆಗೆ ಊರ ಹುಡುಗರು ಆಡುವ ನಾಟಕ ಬರೆದುಕೊಡುವುದು ನನ್ನ ಹುಚ್ಚು. ಇದು ಮೂರನೆಯದು. ಮೊದಲಿನ ಎರಡರಲ್ಲಿ ಗೌಡ ಕೆಟ್ಟವನು, ಬಡವರ ಹುಡುಗ ಒಳ್ಳೆಯವನು, ಕೊನೆಗೆ ಪೊಲೀಸ್ ಬರುತ್ತಾನೆ. ಯಾರೂ ತಕರಾರು ಮಾಡಲಿಲ್ಲ. ಈ ಸಲ ಎದ್ದಿದೆ.

ಕತೆ ಇಷ್ಟು. ಅಪ್ಪನಿಗೆ ನಾಲ್ಕು ಎಕರೆ ತೊಗರಿ ಹೊಲ. ಮಗ ಬಿಎ ಮುಗಿಸಿ ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾನೆ. ಒಬ್ಬ ದಲ್ಲಾಳಿ ಬಂದು, ರೊಕ್ಕ ಕೊಟ್ಟರೆ ನೌಕರಿ ಗ್ಯಾರಂಟಿ ಅನ್ನುತ್ತಾನೆ. ಅಪ್ಪ ಎರಡು ಎಕರೆ ಮಾರಲು ತಯಾರು. ಪಹಣಿ ಕೂಡ ತೆಗೆಸುತ್ತಾನೆ. ಮಗ ಒಪ್ಪುವುದಿಲ್ಲ. "ನಾ ಓದಿ ಬರೀತೀನಿ, ಹೊಲ ಮುಟ್ಟಬ್ಯಾಡ" ಅನ್ನುತ್ತಾನೆ. ಬರೆಯುತ್ತಾನೆ. ಪಟ್ಟಿಯಲ್ಲಿ ಹೆಸರು ಬರುವುದಿಲ್ಲ.

ಮುಂದಿನದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದೇ. 2021ರ ಅಕ್ಟೋಬರ್‌ನಲ್ಲಿ 545 ಹುದ್ದೆಗೆ ಪರೀಕ್ಷೆ ನಡೆಯಿತು. 50 ಸಾವಿರಕ್ಕೂ ಜಾಸ್ತಿ ಹುಡುಗ ಹುಡುಗಿಯರು ಬರೆದರು. ಅಕ್ರಮದ ಜಾಡು ಮೊದಲು ಸಿಕ್ಕಿದ್ದು ನಮ್ಮ ಕಲಬುರಗಿಯಲ್ಲೇ. 2022ರ ಏಪ್ರಿಲ್‌ನಲ್ಲಿ ಇಡೀ ಪರೀಕ್ಷೆ ರದ್ದಾಯಿತು. ನಾಟಕದಲ್ಲಿ ಆ ಸುದ್ದಿ ಬಂದ ರಾತ್ರಿ ಅಪ್ಪ ಮಗನಿಗೆ ಹೇಳುತ್ತಾನೆ: "ಎಲ್ಲಾರೂ ಕೊಟ್ಟಾರ. ನೀ ಒಬ್ಬಾಂವ ಸತ್ಯಹರಿಶ್ಚಂದ್ರ." ಅಲ್ಲಿಗೆ ಇಂಟರ್‌ವಲ್.

ಎರಡನೇ ಭಾಗದಲ್ಲಿ ಮಗ ಹಾಳಾಗುತ್ತಾನೆ. ಹಗಲೆಲ್ಲ ಹನುಮಪ್ಪನ ಗುಡಿ ಕಟ್ಟೆ, ರಾತ್ರಿ ಮೊಬೈಲಿನಲ್ಲಿ ಕ್ರಿಕೆಟ್ ಬೆಟ್ಟಿಂಗು. ಅವ್ವನ ಬೋರಮಾಳ ಸರ ಒತ್ತೆ ಇಡುತ್ತಾನೆ. 2024ರ ಜನವರಿಯಲ್ಲಿ ಬೆಂಗಳೂರಲ್ಲಿ ಮರುಪರೀಕ್ಷೆ ಆಯಿತಲ್ಲ, ಅದಕ್ಕೆ ಹೋಗುತ್ತೇನೆ ಅಂತ ವಾಡಿ ಜಂಕ್ಷನ್‌ವರೆಗೆ ಹೋಗುತ್ತಾನೆ. ಉದ್ಯಾನ್ ಎಕ್ಸ್‌ಪ್ರೆಸ್ ಬರುತ್ತದೆ, ಹೋಗುತ್ತದೆ. ಇವನು ಬೆಂಚಿನ ಮೇಲೆ ಕೂತೇ ಇರುತ್ತಾನೆ. ಕೊನೆಗೆ ಮನೆಗೆ ಬಂದು ಅಪ್ಪನ ಕಾಲಿಗೆ ಬಿದ್ದು "ಯಪ್ಪಾ, ತಪ್ಪಾತು" ಅನ್ನುತ್ತಾನೆ. ಅಪ್ಪ ಎತ್ತಿ ಅಪ್ಪಿಕೊಳ್ಳುತ್ತಾನೆ. ಪರದೆ.

ಹೀಗೆ ಬರೆದಿದ್ದೆ. ಹೋದ ವಾರ ತಾಲೀಮಿನಲ್ಲಿ ಮಗನ ಪಾತ್ರದ ಹುಡುಗ ಅಲ್ಲಿಗೆ ಬಂದು ನಿಂತುಬಿಟ್ಟ. ಮರೆತಿರಬೇಕು ಅಂತ ಪ್ರಾಂಪ್ಟಿಂಗ್ ಮಾಡುವವನು ಎರಡು ಸಲ ಮಾತು ಕೊಟ್ಟ. ಹುಡುಗ ನನ್ನ ಕಡೆ ತಿರುಗಿದ. "ಸರ, ಬೋರಮಾಳಕ್ಕ ತಪ್ಪಾತು ಅಂತೀನ್ರಿ. ಉಳದದ್ದಕ್ಕ ಯಾಕ್ರಿ?" ಅಂದ.

ನನಗೆ ಉತ್ತರ ಹೊಳೆಯಲಿಲ್ಲ.

ಅಪ್ಪನ ಪಾತ್ರ ಮಾಡುವವರಿಗೆ ಸಿಟ್ಟು ಬಂತು. ನಮ್ಮಲ್ಲಿ ಪಾತ್ರಕ್ಕೆ ತಕ್ಕಂತೆ ಪಟ್ಟಿ (ವಂತಿಗೆ) ಹಾಕಬೇಕು ಅನ್ನುವುದು ನಿಮಗೆ ಗೊತ್ತು. ಇವರು ಎಲ್ಲರಿಗಿಂತ ಜಾಸ್ತಿ ಹಾಕಿದ್ದಾರೆ. "ಮಗ ಕಾಲಿಗಿ ಬೀಳಲಿಲ್ಲಂದ್ರ ನನ್ನ ಪಾತ್ರಕ್ಕ ಏನ್ ಕಿಮ್ಮತ್ತ ಉಳೀತು?" ಅಂತಾರೆ. ಕಲಾ ಕಾಣಿಕೆ ಬರುವುದೂ ಅದೇ ದೃಶ್ಯಕ್ಕೆ. ಜಾತ್ರೆ ಕಮಿಟಿಯ ಹಿರಿಯರು ಅವರ ಕಡೆ. ಹುಡುಗರೆಲ್ಲ ಇವನ ಕಡೆ. ತಾಲೀಮಿನ ಜಾಗದಲ್ಲೇ ಅಪ್ಪ-ಮಗನ ನಾಟಕ ಶುರುವಾಗಿದೆ, ಸುಮ್ನೆ ನಾನು ಬರೆದದ್ದು ದಂಡ. (ಹೆಸರಿನ ಜಗಳ ಬೇರೆ. ಹೆಸರಲ್ಲಿ 'ಅರ್ಥಾತ್' ಇರದಿದ್ದರೆ ಪೋಸ್ಟರ್ ಚೆನ್ನಾಗಿ ಕಾಣುವುದಿಲ್ಲವಂತೆ.)

ಒಂದು ವಿಷಯ ಹೇಳಲೇಬೇಕು. ಇದನ್ನು ನಾನು ಕಟ್ಟಿದ್ದಲ್ಲ ಅಂದರೆ ಸುಳ್ಳು, ಪೂರ್ತಿ ಕಟ್ಟಿದ್ದು ಅಂದರೂ ಸುಳ್ಳು. ನನ್ನ ಅಂಗಡಿಗೆ ದಿನಾ ಅಪ್ಪ-ಮಕ್ಕಳು ಬರುತ್ತಾರೆ. ನಮ್ಮ ಭಾಗದವರ ಮೀಸಲಾತಿಯ 371(ಜೆ) ಪ್ರಮಾಣಪತ್ರ, ಜಾತಿ ಆದಾಯ, ಮಾರ್ಕ್ಸ್ ಕಾರ್ಡು. ಅಪ್ಪ ಅಂಗಿ ಒಳಗಿನಿಂದ ರೊಕ್ಕ ತೆಗೆಯುತ್ತಾನೆ, ಮಗ ಮೊಬೈಲ್ ನೋಡುತ್ತಾ ನಿಂತಿರುತ್ತಾನೆ. ಆ ಪರೀಕ್ಷೆಗೆ ಮುಂಚೆ ಒಬ್ಬ ಅಪ್ಪ ಬಂದು ಪಹಣಿ ಕೊಟ್ಟು "ಎರಡು ಕಾಪಿ" ಅಂದ. ನಾನು ಗಾಜಿನ ಮೇಲಿಟ್ಟೆ. ಮುಚ್ಚಳ ಹಾಕುವ ಅಭ್ಯಾಸ ನನಗಿಲ್ಲ. ಬಟನ್ ಒತ್ತಿದೆ. ಅಷ್ಟರಲ್ಲಿ ಮಗ ಕೌಂಟರ್ ಮೇಲೆ ಬಾಗಿ ಪಹಣಿ ಮೇಲೆ ಅಂಗೈ ಬಡಿದ. "ಬ್ಯಾಡಂದ್ರ ತಿಳಿಯಂಗಿಲ್ಲೇನು" ಅಂದ. ಹಸಿರು ಬೆಳಕು ಅವನ ಕೈ ಕೆಳಗೆ ಹಾದುಹೋಯಿತು. ಮಗ ಪಹಣಿ ಕಸಿದುಕೊಂಡು ಹೊರಟ, ಹಿಂದೆ ಅಪ್ಪ ಓಡಿದ. ಯಂತ್ರದಿಂದ ಒಂದು ಹಾಳೆ ಬಂತು. ಕಾಗದದಾಚೆಯ ಕಪ್ಪಿನಲ್ಲಿ ಗಾಜಿಗೆ ಅಂಟಿದ ಬೆರಳ ತುದಿಗಳು, ಚಾಚಿದ ಹೆಬ್ಬೆರಳು, ನಡುವೆ ಸರ್ವೆ ನಂಬರು. ಆ ಹಾಳೆ ಇನ್ನೂ ನನ್ನ ಡ್ರಾದಲ್ಲಿದೆ. ಅವರಿಬ್ಬರೂ ಮತ್ತೆ ಅಂಗಡಿಗೆ ಬರಲಿಲ್ಲ.

ಈಗ ಹೇಳಿ. ಮಗ ಕಾಲಿಗೆ ಬೀಳಬೇಕಾ ಬೇಡವಾ? ಬೀಳದಿದ್ದರೆ ನಾಟಕ ಹೇಗೆ ಮುಗಿಸುವುದು? ಜಾತ್ರೆಗೆ ಇನ್ನು ಮೂರು ವಾರ ಇದೆ.

ಪೇಟಿ ಮಾಸ್ತರ, ಸುರಪುರ:

ತಮ್ಮಾ, ನಾನು 38 ವರ್ಷ ಪೇಟಿ (ಹಾರ್ಮೋನಿಯಂ) ಬಾರಿಸಿದವನು. ಸುರಪುರ, ಶಹಾಪುರ, ಜೇವರ್ಗಿ ಕಡೆ ನಾನು ಕೂರದ ಹಳ್ಳಿ ಸ್ಟೇಜು ಕಡಿಮೆ. ಕಾಲಿಗೆ ಬೀಳಿಸು. ಯಾಕೆ ಅಂದರೆ ಜನ ರಾತ್ರಿ ಹತ್ತಕ್ಕೆ ಚಾಪೆ ಹಾಸಿ ಕೂತಿರುತ್ತಾರೆ. ಅಪ್ಪ-ಮಗನನ್ನು ಬೇರೆ ಮಾಡಿದವನು ನೀನು. ಒಂದು ಮಾಡದೆ ಅವರನ್ನು ಮನೆಗೆ ಹೇಗೆ ಕಳಿಸುತ್ತೀ?

ಒಂದೂರಲ್ಲಿ ಹೀಗೇ ಆಯಿತು. ಬರೆದವನು ಹೊಸಬ. ಮಗ ಮನೆಬಿಟ್ಟು ಹೋಗುತ್ತಾನೆ, ಪರದೆ ಬೀಳುತ್ತದೆ. ನಾನು ಮಂಗಳ ಬಾರಿಸಿದೆ. ಜನ ಏಳಲಿಲ್ಲ! ಇನ್ನೊಂದು ಸೀನ್ ಇದೆ ಅಂತ ಕೂತೇ ಇದ್ದರು. ಒಬ್ಬ ಮುದುಕಿ ಸ್ಟೇಜಿನ ಹತ್ತಿರ ಬಂದು "ಹುಡುಗ ಉಂಡನೋ ಇಲ್ಲೋ ಹೇಳ್ರಿ" ಅಂತ ಕೇಳಿದಳು. ಮೈಕಿನಲ್ಲಿ "ನಾಟಕ ಮುಗಿದಿದೆ" ಅಂತ ಮೂರು ಸಲ ಹೇಳಬೇಕಾಯಿತು. ನಾಚಿಕೆಗೇಡು.

ಆದರೆ ನಿನ್ನ ಹುಡುಗ ಕೇಳಿದ್ದೂ ಸರಿಯಾಗೇ ಇದೆ. ಬೋರಮಾಳ ಯಾರದು? ಅವ್ವನದು. ಹಾಗಿದ್ದರೆ ಅವ್ವನ ಕಾಲಿಗೆ ಬೀಳಲಿ. ಅಪ್ಪನಿಗೆ ಬೇರೆ ಏನಾದರೂ ಯೋಚಿಸು. ಕೈಲಾಸಂ 'ಟೊಳ್ಳುಗಟ್ಟಿ' ಬರೆದು ನೂರು ವರ್ಷ ಆಗಿರಬೇಕು. ಅಲ್ಲೂ ಪರೀಕ್ಷೆ ಮಾರ್ಕ್ಸಿಗೇ ಅಪ್ಪ ಒಬ್ಬ ಮಗನನ್ನು ತಲೆ ಮೇಲೆ ಕೂರಿಸಿ ಇನ್ನೊಬ್ಬನನ್ನು ಕಡೆಗಣಿಸುವುದು. ಕೊನೆಗೆ ಮನೆಗೆ ಬೆಂಕಿ ಬಿದ್ದಾಗ ಕೈಗೆ ಬಂದವನು ಫೇಲಾದ ಹುಡುಗ. ನೋಡು, ಅಲ್ಲಿ ಭಾಷಣ ಇಲ್ಲ, ಕೆಲಸ ಇದೆ. ನಿನ್ನ ಮಗನಿಗೂ ಒಂದು ಕೆಲಸ ಕೊಡು.

ಮತ್ತೆ ಆ ಜಾಗದಲ್ಲಿ ಪೇಟಿಯವನಿಗೆ ಅಳುವ ರಾಗ ಹಿಡಿಯಬೇಡ ಅಂತ ಹೇಳು. ರಾತ್ರಿಯೆಲ್ಲ ಬಾರಿಸಿದ ಪೇಟಿ ಒಮ್ಮೆಲೇ ನಿಂತರೆ ಮಲಗಿದ ಹುಡುಗರೂ ಏಳುತ್ತಾರೆ.

ಕಡಗಂಚಿ ಹುಡುಗಿ:

ನಾನು ಇಲ್ಲಿ ಸೆಂಟ್ರಲ್ ಯೂನಿವರ್ಸಿಟಿಯಲ್ಲಿ ಎಂಎ ಓದುತ್ತಿದ್ದೇನೆ. ಅಣ್ಣಾ, ಬೇಜಾರಾಗಬೇಡಿ. ನಿಮ್ಮ ಪೋಸ್ಟನ್ನು ಎರಡು ಸಲ ಓದಿದೆ. ಅವ್ವ ಬೋರಮಾಳ ಕಳೆದುಕೊಳ್ಳುವುದಕ್ಕೆ ಮಾತ್ರ ಬರುತ್ತಾಳೆ. ಅವಳಿಗೆ ಎಷ್ಟು ಮಾತಿದೆ? ಆ ಮನೆಯಲ್ಲಿ ಒಬ್ಬ ತಂಗಿ ಇದ್ದಿದ್ದರೆ ಅವಳ ಓದಿಗೆ ಎರಡು ಎಕರೆ ಮಾರುವ ಮಾತು ಯಾರಾದರೂ ಎತ್ತುತ್ತಿದ್ದರಾ? ಮಾಸ್ತರರು ಅವ್ವನ ಕಾಲಿಗೆ ಬೀಳಲಿ ಅಂದಿದ್ದು ಸರಿ. ಆದರೆ ಬಿದ್ದಾಗ ಅವಳು ಏನನ್ನುತ್ತಾಳೆ ಅನ್ನುವುದನ್ನೂ ಬರೆಯಿರಿ. ನಮ್ಮ ಅವ್ವ ಆಗಿದ್ದರೆ "ಏಳು, ಒತ್ತಿ ಚೀಟಿ ಎಲ್ಲೈತಿ ಕೊಡು" ಅನ್ನುತ್ತಿದ್ದಳು.

ನಿಮ್ಮ ಕತೆ ಓದುವಾಗ ನನಗೆ 'ಯಯಾತಿ' ನೆನಪಾಯಿತು. 1961ರಲ್ಲಿ ಬಂದ ನಾಟಕ. ಮುಪ್ಪಿನ ಶಾಪ ಅಪ್ಪನಿಗೆ, ಹೊರುವುದು ಮಗ ಪೂರು. ಕಾರ್ನಾಡರು ಇಂಗ್ಲೆಂಡಿಗೆ ಓದಲು ಹೊರಟ ಹೊತ್ತಿನಲ್ಲಿ ಬರೆದದ್ದು. ಮನೆಯವರು ಹಿಡಿದು ಎಳೆಯುತ್ತಿದ್ದ ಸಂಕಟ ತನಗೇ ಗೊತ್ತಾಗದಂತೆ ಅದರೊಳಗೆ ಬಂದುಬಿಟ್ಟಿತ್ತು ಅಂತ ಆಮೇಲೆ ಅವರೇ ಹೇಳಿದ್ದಾರೆ. ಅಲ್ಲಿ ಲೆಕ್ಕ ಮುಗಿಸುವವಳು ಸೊಸೆ ಚಿತ್ರಲೇಖೆ. ಅವಳ ಸಾವಿನ ನಂತರವೇ ಯಯಾತಿ ಮುಪ್ಪನ್ನು ವಾಪಸ್ ತೆಗೆದುಕೊಳ್ಳುವುದು.

ನಿಮ್ಮ ನಾಟಕದಲ್ಲಿ ಅಪ್ಪ ಏನನ್ನೂ ವಾಪಸ್ ತೆಗೆದುಕೊಳ್ಳುತ್ತಿಲ್ಲ, ನೋಡಿ. "ಎಲ್ಲಾರೂ ಕೊಟ್ಟಾರ" ಅನ್ನುವ ಮಾತು ಹಾಗೇ ಗಾಳಿಯಲ್ಲಿ ನಿಂತಿದೆ. ಹಾಗಂತ ಅಪ್ಪನನ್ನು ಖಳ ಮಾಡಲೂಬೇಡಿ. ಹೊಲ ಮಾರಲು ಹೊರಟವನು ಅವನು. ಅವನಿಗೆ ಅದು ಲಂಚ ಅಲ್ಲ, ಮಗನ ಮೇಲಿನ ಜೀವ. ಜಗಳ ಇರುವುದೇ ಅಲ್ಲಿ ಅಲ್ವಾ?

ಆ ಕೈ ಮೂಡಿದ ಹಾಳೆಯನ್ನೇ ಸ್ಟೇಜಿಗೆ ತನ್ನಿ. ಅಪ್ಪನ ಪೆಟ್ಟಿಗೆಯಿಂದ ಅದು ಹೊರಗೆ ಬರಲಿ.

ಝೆರಾಕ್ಸ್ ಅಂಗಡಿ, ಚಿತ್ತಾಪುರ:

ಮಾಸ್ತರರಿಗೆ ಶರಣು. ಕಡಗಂಚಿ ತಂಗೀ, ಎಣಿಸಿ ನೋಡಿದೆ. ಅವ್ವನಿಗೆ ಒಂಬತ್ತು ಮಾತು. ಅದರಲ್ಲಿ ನಾಲ್ಕು "ಅಯ್ಯೋ ದೇವರೇ". ನನಗೇ ಮುಜುಗರ ಆಯಿತು. ಅವ್ವನ ಪಾತ್ರಕ್ಕೆ ಹೊರಗಿನಿಂದ ಕಲಾವಿದೆ ಬರುತ್ತಾರೆ. ಅವರು ತಾಲೀಮಿಗೆ ಸಿಗುವುದು ಕೊನೆಯ ಎರಡು ದಿನ, ಆ ಭಯಕ್ಕೆ ಮಾತು ಕಡಿಮೆ ಮಾಡಿದ್ದೆ. ಒತ್ತೆ ಚೀಟಿಯ ಮಾತು ನಿಮ್ಮಿಂದ ಕದ್ದಿದ್ದೇನೆ. ಹಾಳೆ ತರುವುದು ನನಗೂ ಇಷ್ಟವೇ.

ಬೀದರ್ ಲೈಟ್ಸ್:

ಹಾಳೆ ಬೇಡ ಸರ್. ನಾನು ಲೈಟು, ಸೌಂಡು ಎರಡೂ ನೋಡಿಕೊಳ್ಳುವವನು, ಅದಕ್ಕೆ ಹೇಳುತ್ತಿದ್ದೇನೆ. ಕಲಬುರಗಿಯ ಪಂಡಿತ ರಂಗಮಂದಿರದಲ್ಲಿ ಆಡುವುದಾದರೆ ಹಾಳೆ ಕಾಣುತ್ತದೆ, ಉಸಿರೂ ಕೇಳುತ್ತದೆ. ನಿಮ್ಮದು ಜಾತ್ರೆ. ಒಂದು ಕಡೆ ಮಿರ್ಚಿ ಭಜಿ ಬಂಡಿ, ಇನ್ನೊಂದು ಕಡೆ ತೊಟ್ಟಿಲು ತಿರುಗಿಸುವವರ ಡೀಸೆಲ್ ಜನರೇಟರ್. ಹತ್ತನೇ ಸಾಲಿನವನಿಗೆ ಎ4 ಹಾಳೆ ಕರವಸ್ತ್ರದ ಹಾಗೆ ಕಾಣುತ್ತದೆ. ಅಪ್ಪ ಮೂಗು ಒರೆಸಿಕೊಂಡ ಅಂದುಕೊಳ್ಳುತ್ತಾನೆ.

ಹಳ್ಳಿ ಸ್ಟೇಜಿನಲ್ಲಿ ಮೇಲಿಂದ ಮೂರು ಮೈಕ್ ಇಳಿಬಿಟ್ಟಿರುತ್ತಾರೆ. ಪಾತ್ರದವರು ಅದರ ಕೆಳಗೆ ಬಂದು ಮಾತು ಹೇಳಿ ಹಿಂದೆ ಸರಿಯುತ್ತಾರೆ. ಸುಮ್ಮನೆ ಕೂರುವ ದೃಶ್ಯ ಇಟ್ಟರೆ ಹುಡುಗರು ಸಿಳ್ಳೆ ಹೊಡೆಯುತ್ತಾರೆ, ಮೈಕ್ ಕೆಟ್ಟಿದೆ ಅಂತ ಕೂಗುತ್ತಾರೆ. ಅದಕ್ಕೆ ಮೌನಕ್ಕೂ ಒಂದು ಸಪ್ಪಳ ಬೇಕು. ತಾಟು ನೆಲಕ್ಕೆ ಇಡುವುದು, ತಂಬಿಗೆಯಿಂದ ನೀರು ಸುರಿಯುವುದು, ಅಂಥದ್ದು. ಸ್ಟೇಜಿನ ಮುಂಚೂಣಿಯಲ್ಲಿ ಎರಡು ನೆಲದ ಮೈಕ್ ಇಡಿ. ಕಾಲರ್ ಮೈಕ್ ಬೇಡ. ಅಪ್ಪಿಕೊಂಡರೆ ಕರಕರ ಅನ್ನುತ್ತದೆ.

ಡಿಮ್ಮರ್ ಇಲ್ಲದಿದ್ದರೂ ಚಿಂತೆ ಇಲ್ಲ. ಒಂದೇ ಸಲ ಕತ್ತಲು ಮಾಡಬೇಡಿ, ಕರೆಂಟು ಹೋಯಿತು ಅಂತ ಜನ ಏಳುತ್ತಾರೆ. ಬದಿಯ ಫೋಕಸ್ ಒಂದೊಂದೇ ಆರಿಸುತ್ತಾ ಬನ್ನಿ. ಕೊನೆಗೆ ಅಡುಗೆಮನೆ ಬಾಗಿಲಿನದು ಒಂದು ಉಳಿಯಲಿ.

ಹೆಸರು ಬೇಡ:

ಇಲ್ಲಿ ಬರೆಯುವುದು ಇದೇ ಮೊದಲು. ಊರೂ ಹೇಳುವುದಿಲ್ಲ, ಯಾದಗಿರಿ ಜಿಲ್ಲೆ ಅಂತ ಇಟ್ಟುಕೊಳ್ಳಿ. 2021ರ ಆ ಪರೀಕ್ಷೆ ಬರೆದವರಲ್ಲಿ ನಾನೂ ಒಬ್ಬ.

ನಿಮ್ಮ ನಾಟಕದ ಅಪ್ಪ ಬೈಯುತ್ತಾನೆ. ನಮ್ಮ ಅಪ್ಪನೂ ಒಂದೆರಡು ತಿಂಗಳು ಬೈದರು. ಅದು ಏನೂ ಅನ್ನಿಸಲಿಲ್ಲ. ಆಮೇಲೆ ಚಾಷ್ಟಿ ಶುರುವಾಯಿತು. ಊಟಕ್ಕೆ ಕರೆಯುವಾಗ "ಬರ್ರಿ ಸಾಹೇಬ್ರ, ಊಟ ಮಾಡ್ರಿ" ಅನ್ನುತ್ತಿದ್ದರು. ನಾನು ಸಾಹೇಬ ಆಗಲಿಲ್ಲವಲ್ಲ, ಅದಕ್ಕೆ. ಮನೆಯಲ್ಲಿ ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಸ್ವಲ್ಪ ದಿನಕ್ಕೆ 'ಸಾಹೇಬ್ರ' ಬಿಟ್ಟುಹೋಯಿತು. 'ರಿ' ಉಳಿಯಿತು. "ಊಟ ಮಾಡ್ರಿ." "ನೀರ ಬಂದಾವ, ಜಳಕ ಮಾಡ್ರಿ." ನಗು ಇಲ್ಲ, ಸಿಟ್ಟೂ ಇಲ್ಲ. ಮನೆಗೆ ಬಂದ ಬೀಗರಿಗೆ ಹೇಳಿದ ಹಾಗೆ. ಹುಟ್ಟಿದಾಗಿನಿಂದ ನನ್ನನ್ನು "ಲೇ" ಅಂತಲೇ ಕರೆದವರು. ಆ "ಲೇ" ಹೋಗಿ ಎರಡು ವರ್ಷ ಆಯಿತು. ನಾನು ಈಗ ಪುಣೆಯಲ್ಲಿ ಗೋದಾಮಿನ ಕೆಲಸದಲ್ಲಿದ್ದೇನೆ. ಫೋನ್ ಮಾಡಿದರೆ ಇವತ್ತಿಗೂ "ಆರಾಮ ಇದ್ದೀರಿ?" ಅನ್ನುತ್ತಾರೆ.

ಕಾಲಿಗೆ ಬೀಳುವುದು ದೊಡ್ಡ ಮಾತಲ್ಲ. ಹತ್ತು ಸಲ ಬೀಳುತ್ತೇನೆ. ಕೈ ಮೂಡಿದ ಹಾಳೆ ನನ್ನದಲ್ಲ, ಆದರೆ ಓದುವಾಗ ಒಂದು ಕ್ಷಣ ನನ್ನದೇ ಅನ್ನಿಸಿತು.

ಪೇಟಿ ಮಾಸ್ತರ, ಸುರಪುರ:

ಚಿತ್ತಾಪುರದ ತಮ್ಮಾ, ನಿನ್ನ ಕೊನೆ ಸೀನ್ ಈ ಹುಡುಗ ಬರೆದುಕೊಟ್ಟಿದ್ದಾನೆ. ಇನ್ನೇನು ಬೇಕು?

ಪುಣೆ ಹುಡುಗಾ, ಹಬ್ಬಕ್ಕೆ ಊರಿಗೆ ಹೋಗು. ಫೋನಿನಲ್ಲಿ ಯಾರಿಗೂ "ಲೇ" ಅನ್ನಲು ಬಾಯಿ ಬರುವುದಿಲ್ಲ.

ಝೆರಾಕ್ಸ್ ಅಂಗಡಿ, ಚಿತ್ತಾಪುರ:

ನಾಲ್ಕು ದಿನ ಉತ್ತರ ಬರೆಯಲಿಲ್ಲ, ಕ್ಷಮೆ ಇರಲಿ. ಎರಡನೇ ಭಾಗ ಪೂರ್ತಿ ತಿದ್ದಿದೆ. 'ಹೆಸರು ಬೇಡ' ತಮ್ಮನಿಗೆ ಬೇರೆಯಾಗಿ ಮೆಸೇಜ್ ಹಾಕಿ ಕೇಳಿದೆ, ಬಳಸಿಕೊಳ್ಳಿ ಅಂದ.

ಈಗ ಇಂಟರ್‌ವಲ್ ಆದ ಮೇಲೆ ಅಪ್ಪ ಬೈಯುವುದೇ ಇಲ್ಲ. ಮೊದಲು "ಸಾಹೇಬ್ರ", ಆಮೇಲೆ ಬರೀ "ರಿ". ಕೊನೆಯ ದೃಶ್ಯದಲ್ಲಿ ಮಗ ವಾಡಿ ಸ್ಟೇಷನ್ನಿನಿಂದ ವಾಪಸ್ ಬರುತ್ತಾನೆ. ಅವ್ವನ ಮುಂದೆ ಒತ್ತೆ ಚೀಟಿ ಇಟ್ಟು "ತಪ್ಪಾತು" ಅನ್ನುತ್ತಾನೆ. ಅಪ್ಪ ಊಟಕ್ಕೆ ಕೂತಿದ್ದಾನೆ. ಮಗನ ಕಡೆ ನೋಡುವುದಿಲ್ಲ. ಇನ್ನೊಂದು ತಾಟು ಎಳೆದು ನೆಲಕ್ಕೆ ಇಡುತ್ತಾನೆ. ಠಣ್ ಅನ್ನುತ್ತದೆ. ಪೇಟಿ ನಿಲ್ಲುತ್ತದೆ. "ಲೇ, ರೊಟ್ಟಿ ಆರ್ಲಕತ್ಯಾವ, ಬಾ" ಅನ್ನುತ್ತಾನೆ. ಅಷ್ಟೇ.

ನಿನ್ನೆ ರಾತ್ರಿ ತಾಲೀಮಿಗೆ ಹಾಕಿದೆವು. ಅಪ್ಪನ ಪಾತ್ರದವರು ಮೊದಲ ಸಲ "ಲೇ!" ಅಂತ ಎತ್ತು ಹೊಡೆದ ಹಾಗೆ ಕೂಗಿದರು. ಎಲ್ಲರೂ ನಕ್ಕರು. ಎರಡನೇ ಸಲ ಅಳುತ್ತಾ ಹೇಳಿದರು, ಅದು ಇನ್ನೂ ಕೆಟ್ಟದಾಯಿತು. ನಾನು "ಕಾಕಾ, ನಿಮ್ಮ ಮನಿಯಾಗ ಹೆಂಗ ಕರೀತೀರಿ ಹಂಗ ಕರೀರಿ" ಅಂದೆ. ಅವರು ಸ್ವಲ್ಪ ಹೊತ್ತು ತಾಟು ನೋಡುತ್ತಾ ಕೂತರು. ಅವರ ಮಗ ಹೈದರಾಬಾದಿನಲ್ಲಿದ್ದಾನೆ, ಜಾತ್ರೆಗೂ ಬರುವುದು ಕಡಿಮೆ. ಮೂರನೇ ಸಲ ತಲೆ ಎತ್ತದೆ, ರೊಟ್ಟಿ ಮುರಿಯುತ್ತಾ, ಮೆಲ್ಲಗೆ ಹೇಳಿದರು. ಮಗನ ಪಾತ್ರದವನಿಗೆ ಮುಂದಿನ ಮಾತು ಮರೆತುಹೋಯಿತು. ಪ್ರಾಂಪ್ಟಿಂಗ್ ಮಾಡುವವನು ಬಾಯಿ ತೆರೆದ, ನಾನು ಕೈ ಸನ್ನೆ ಮಾಡಿ ತಡೆದೆ. ಆ ಮಾತನ್ನೇ ತೆಗೆದುಹಾಕಿದೆವು.

ಕಮಿಟಿಯವರು ಮಾತ್ರ "ಕಾಲು ಎಲ್ಲಿ?" ಅಂತ ಕೇಳಿದರು. ಹುಡುಗನೇ ಉಪಾಯ ಮಾಡಿದ. ಊಟಕ್ಕೆ ಕೂರುವ ಮುಂಚೆ ಅಪ್ಪನ ಹತ್ತಿರ ಬಿದ್ದ ಜೋಳದ ರೊಟ್ಟಿ ಚೂರು ಎತ್ತಲು ಬಾಗುತ್ತಾನೆ. ಹಿಂದೆ ಕೂತ ಹಿರಿಯರೊಬ್ಬರು "ಬಿದ್ದ ನೋಡ್ರಿ, ಬಿದ್ದ" ಅಂತ ಪಕ್ಕದವರಿಗೆ ತೋರಿಸಿದರು. ನಾವ್ಯಾರೂ ತಿದ್ದಲು ಹೋಗಲಿಲ್ಲ.

ಹೆಸರಿನಲ್ಲಿ ನಾನು ಸೋತೆ. 'ಅರ್ಥಾತ್' ಇರುತ್ತದೆ.

ಬೀದರ್ ಅಣ್ಣಾ, ಆ ನೆಲದ ಮೈಕ್ ಎರಡು ಬಾಡಿಗೆಗೆ ಕಲಬುರಗಿಯಲ್ಲೇ ಸಿಗುತ್ತವಾ, ಇಲ್ಲಾ ನೀವೇ ತರುತ್ತೀರಾ? ಸ್ಟೇಜು ಎರಡು ಟ್ರ್ಯಾಕ್ಟರ್ ಟ್ರಾಲಿ ಜೋಡಿಸಿದ್ದು, ನಡುವೆ ಒಂದು ಗೇಣು ಸಂದಿ ಇದೆ. ತಾಟು ಅದರ ಮೇಲೆ ಬಿದ್ದರೆ ಠಣ್ ಅನ್ನುವುದಿಲ್ಲ, ಅದಕ್ಕೇನು ಮಾಡಬೇಕು ಅಂತಲೂ ಹೇಳಿ.